ಬೆಳಗ್ಗೆ ನಲವತ್ತೆಂಟು, ಮಧ್ಯಾಹ್ನ ಐವತ್ತೈದು

ಗಂಗಲಕ್ಷ್ಮಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲಿನವನು ಅಳೆದು ಹಾಕಿದ ಮೇಲೆ ತನ್ನ ಚೊಂಬಿನಲ್ಲಿ ಇನ್ನೊಮ್ಮೆ ಅಳೆಯುವಳು. ಗ್ಯಾಸ್ ಸಿಲಿಂಡರು ಬಂದರೆ ಇಳಿಸಿದವನ ಎದುರಿಗೇ ಒಂದು ಸಲ ಎತ್ತಿ ಭಾರ ನೋಡುವಳು. ಅದೇನೂ ಹುಟ್ಟುಗುಣವಲ್ಲ. ಹದಿನೇಳಕ್ಕೆ ಮದುವೆಯಾಗಿ ಕೆ.ಆರ್. ಪುರದ ಕೆರೆಯಾಚೆಯ ತುಂಬಿದ ಮನೆಗೆ ಬಂದಾಗ, ಡಬ್ಬಿಯ ಬೆಲ್ಲ ಒಂದು ಅಚ್ಚು ಕಡಿಮೆಯಾದರೂ ಎಲ್ಲರೂ ಕಿರಿಸೊಸೆಯ ಮುಖವನ್ನೇ ನೋಡುತ್ತಿದ್ದರು. ನೋಡಿಸಿಕೊಂಡು ನೋಡಿಸಿಕೊಂಡು ಅವಳೂ ಬೇರೆಯವರ ಮುಖ ನೋಡುವುದನ್ನು ಕಲಿತಳು.

ಕೆರೆಯ ಕೆಳಗಿನ ಗದ್ದೆ ಬಡಾವಣೆಯಾಯಿತು. ಗಂಡ ಮುನಿಆಂಜನಪ್ಪ ಹಿತ್ತಲಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿ ಜಗಲಿಯ ಮೇಲೆ ಕುಳಿತ. ಬಾಡಿಗೆಯವರ ನೀರು, ಕಸ, ಚರಂಡಿ ಎಲ್ಲ ಗಂಗಲಕ್ಷ್ಮಮ್ಮನ ಪಾಲಿಗೆ ಬಂತು. ಆ ಕೆಲಸಕ್ಕೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಮಗಳು ಹಂಸ ಹೈಸ್ಕೂಲಿಗೆ ಸೇರಿದ ವರ್ಷ, ಅಂದರೆ ತೊಂಬತ್ತಮೂರರಲ್ಲಿ, ಅವಳು ಒಂದು ದಿನ ಬಸ್ಸು ಹತ್ತಿ ಹೋಗಿ ಕೆಲಸ ಗಿಟ್ಟಿಸಿಕೊಂಡು ಬಂದಳು.

ಕೆಲಸ ಇದ್ದದ್ದು ಹಳೇ ಮದ್ರಾಸು ರಸ್ತೆಯಲ್ಲಿ, ಹಲಸೂರು ದಾಟಿ ಬೈಯಪ್ಪನಹಳ್ಳಿಯ ಕಡೆಗೆ ಬರುವಾಗ ಸಿಗುವ ಒಂದು ಗಲ್ಲಿಯ ಷೆಡ್ಡಿನಲ್ಲಿ. ಮೇಲೆ ಸಿಮೆಂಟು ಶೀಟು. ಮದುವೆ ಮಂಟಪ, ಶಾಲೆ, ಮಸೀದಿ, ಚರ್ಚುಗಳಿಗೆ ಬೇಕಾದ ಮೈಕಿನ ಆಂಪ್ಲಿಫೈಯರುಗಳು ಅಲ್ಲಿ ತಯಾರಾಗುತ್ತಿದ್ದವು. ಜೋಡಿಸಿ ಬೆಸುಗೆ ಹಾಕುವವರು ಗಂಡಸರು. ಟ್ರಾನ್ಸಿಸ್ಟರುಗಳನ್ನು ಪರೀಕ್ಷಿಸಿ, ಒಂದೇ ಶಕ್ತಿಯ ಎರಡೆರಡನ್ನು ಆರಿಸಿ ದಾರದಲ್ಲಿ ಕಟ್ಟುವವರು ಆರು ಮಂದಿ ಹೆಂಗಸರು. ಕಟ್ಟಿದ ಜೋಡಿಗೆ ಕಟ್ಟಿದವಳ ನಂಬರಿನ ಚೀಟಿ. ಗಂಗಲಕ್ಷ್ಮಮ್ಮನದು ನಾಲ್ಕನೇ ನಂಬರು.

ಮನೆಯಲ್ಲಿ ಎಷ್ಟು ಮಾಡಿದರೂ ಸಂಜೆಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಇಲ್ಲಿ ಮೇಜಿನ ಮೇಲೆ ಐವತ್ತು ಜೋಡಿ ಸಾಲಾಗಿ ಮಲಗಿರುತ್ತಿದ್ದವು, ಒಂದೊಂದರ ಮೇಲೂ ನಾಲ್ಕು. ಆ ನಾಲ್ಕನ್ನು ನೋಡುವುದೆಂದರೆ ಅವಳಿಗೆ ಇಷ್ಟ.

ಸೇರಿದ ಮೊದಲ ವಾರ ಸೂಪರ್‌ವೈಸರ್ ವೆಂಕಟಸುಬ್ಬಯ್ಯನವರು ಕೆಲಸ ತೋರಿಸಿಕೊಟ್ಟರು. ಅವರು ದೊಡ್ಡ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ ಬಂದವರು. ಕೈಯಲ್ಲಿ ಯಾವಾಗಲೂ ಮಡಿಸಿದ ಪೇಪರು, ಮಾತು ಮೆಲ್ಲಗೆ. ಎರಡು ಕಾಲು, ಎರಡು ಕಿವಿ ಇರುವ ಚಪ್ಪಟೆ ಲೋಹದ ಟೋಪಿಯಂಥ ಟ್ರಾನ್ಸಿಸ್ಟರನ್ನು ಮೀಟರಿನ ಮೇಲಿಟ್ಟು ಹೇಳಿದರು:

"ನೋಡಮ್ಮ, ಈ ಕಾಲಿಗೆ ಒಂದು ಪಾಲು ಕರೆಂಟು ಕೊಡ್ತೀವಿ. ಆಗ ಇದರ ಮೈಯಿಂದ ಆ ಇನ್ನೊಂದು ಕಾಲಿಗೆ ಐವತ್ತು ಪಾಲು ಹರಿಯುತ್ತೆ. ಮುಳ್ಳು ತೋರಿಸೋದು ಆ ಐವತ್ತನ್ನ."

ಗಂಗಲಕ್ಷ್ಮಮ್ಮ ಮುಳ್ಳನ್ನು ನೋಡಿದಳು, ಅವರನ್ನು ನೋಡಿದಳು. "ಒಂದು ಕೊಟ್ರೆ ಐವತ್ತು ಬರುತ್ತಾ ಸರ್?"

"ಬರುತ್ತೆ."

"ಎಲ್ಲಿಂದ?"

ವೆಂಕಟಸುಬ್ಬಯ್ಯನವರು ಕನ್ನಡಕ ಸರಿಮಾಡಿಕೊಂಡರು. "ಇಷ್ಟು ಜನಕ್ಕೆ ಹೇಳಿಕೊಟ್ಟಿದ್ದೀನಿ, ಯಾರೂ ಇದನ್ನ ಕೇಳಿರಲಿಲ್ಲ." ಗೋಡೆಯ ಪಕ್ಕದ ಕರೆಂಟಿನ ಪೆಟ್ಟಿಗೆ ತೋರಿಸಿದರು. "ಅಲ್ಲಿಂದ."

"ಹಂಗಾದ್ರೆ ಇದು ಹೆಚ್ಚು ಮಾಡಲ್ಲ."

"ಇದು ಹುಟ್ಟಿಸಲ್ಲ. ದಾರಿ ಬಿಡುತ್ತೆ. ಸಣ್ಣ ಕರೆಂಟು ಏರಿದ ಹಾಗೆ ದೊಡ್ಡದೂ ಏರುತ್ತೆ, ಇಳಿದ ಹಾಗೆ ಇಳಿಯುತ್ತೆ, ನಿಂತರೆ ನಿಲ್ಲುತ್ತೆ. ಮೈಕಿನಿಂದ ಬರೋದು ಸೊಳ್ಳೆ ಸದ್ದಿನಷ್ಟು. ಅದರ ಏರಿಳಿತಾನೇ ದೊಡ್ಡ ಕರೆಂಟಲ್ಲಿ ಎದ್ದು ಕಾಣೋ ಹಾಗೆ ಮಾಡುತ್ತೆ ಇದು. ಸ್ಪೀಕರು ಕೂಗೋದು ಆ ಪೆಟ್ಟಿಗೆಯ ಬಲದಿಂದ."

ಅವಳಿಗೆ ನೆನಪಾದದ್ದು ನೀರುಗಂಟಿ. ಗದ್ದೆ ಇದ್ದ ಕಾಲದಲ್ಲಿ ಕೆರೆಯ ತೂಬು ತೆಗೆಯುವ ಕೆಲಸ ಅವನದು. ತೂಬಿನ ಕೋಲನ್ನು ಎರಡು ಬೆರಳಿನಷ್ಟು ಮೇಲೆತ್ತಿದರೆ ಇಡೀ ಬಯಲಿಗೆ ನೀರು ಹರಿಯುತ್ತಿತ್ತು. ಒಂದು ಬೆರಳು ಇಳಿಸಿದರೆ ಕಾಲುವೆಯೂ ಅಷ್ಟೇ ಇಳಿಯುವುದು. ಊರಿನವರೆಲ್ಲ ನೀರುಗಂಟಿ ನೀರು ಕೊಟ್ಟ ಎನ್ನುತ್ತಿದ್ದರು. ನೀರು ಕೊಟ್ಟದ್ದು ಕೆರೆ. ಈ ಟೋಪಿಯೂ ಅಂಥದ್ದೇ ಒಂದು ನೀರುಗಂಟಿ ಎಂದು ತೀರ್ಮಾನವಾದ ಮೇಲೆ ಅವಳು ಅದನ್ನು ಅರ್ಧ ನಂಬಿದಳು.

ಪಕ್ಕದ ಬೆಂಚು ಸಾಲೇಹಾಳದು. ಐದನೇ ನಂಬರು. ಅವಳು ಶಿವಾಜಿನಗರದಿಂದ ಬರುವವಳು, ಇವಳಿಗಿಂತ ಹತ್ತು ವರ್ಷ ಚಿಕ್ಕವಳು. ಜೋಡಿ ಕಟ್ಟುವುದಕ್ಕೆ ಮದುವೆ ಎಂದು ಹೆಸರಿಟ್ಟದ್ದು ಅವಳೇ.

"ಅಕ್ಕಾ, ಇವತ್ತು ಎಷ್ಟು ಮದುವೆ?"

"ಐವತ್ತೆರಡು."

"ನಂದು ಮೂವತ್ತೇ. ನೀವು ಜಾತಕ ನೋಡಲ್ಲ, ಹಂಗೇ ತಾಳಿ ಕಟ್ಟಿಬಿಡ್ತೀರ."

ಇಬ್ಬರ ಕೆಲಸದ ರೀತಿ ಬೇರೆ. ಸಾಲೇಹಾ ಒಂದು ತಟ್ಟೆ ತೆಗೆದುಕೊಂಡರೆ ಅದನ್ನು ಪರೀಕ್ಷಿಸಿ, ಅದರಲ್ಲೇ ಜೋಡಿ ಹುಡುಕಿ, ಕಟ್ಟಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುವಳು. ಗಂಗಲಕ್ಷ್ಮಮ್ಮ ಹಾಗಲ್ಲ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಬರೀ ಪರೀಕ್ಷೆ. ಎಡಗೈ ಮುಷ್ಟಿಯಲ್ಲಿ ಐದಾರು ಹಿಡಿದು, ಬಲಗೈಯಲ್ಲಿ ಒಂದೊಂದಾಗಿ ಮೀಟರಿಗೆ ಕೊಟ್ಟು, ಮುಳ್ಳು ತೋರಿಸಿದ ಅಂಕಿಯ ಪ್ರಕಾರ ಮರದ ಪೆಟ್ಟಿಗೆಯ ಖಾನೆಗಳಿಗೆ ಹಾಕುತ್ತ ಹೋಗುವಳು. ಕಟ್ಟುವ ಕೆಲಸ ಕೊನೆಗೆ. ಸಾರಿನ ಸೊಪ್ಪನ್ನೆಲ್ಲ ಒಟ್ಟಿಗೆ ಬಿಡಿಸಿಟ್ಟುಕೊಂಡು ಒಟ್ಟಿಗೆ ಹೆಚ್ಚುವ ಮನೆಯ ಅಭ್ಯಾಸ ಅದು. ಬೇಗ ಮುಗಿಯುತ್ತಿತ್ತು. ವೆಂಕಟಸುಬ್ಬಯ್ಯನವರು ಅವಳ ಅಂಕಿಯನ್ನು ಉಳಿದವರಿಗೆ ತೋರಿಸುತ್ತಿದ್ದರು.

ತೊಂಬತ್ತಾರರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮಂಗಳವಾರ, ಅವರು ಅವಳನ್ನು ತಮ್ಮ ಮೇಜಿಗೆ ಕರೆದರು. ಷೆಡ್ಡಿನ ಆ ಮೂಲೆಗೆ ಬಾಗಿಲಿರಲಿಲ್ಲ. ಎಲ್ಲರಿಗೂ ಕೇಳುತ್ತಿತ್ತು. ಮೇಜಿನ ಮೇಲೆ ಸುಟ್ಟು ಕಪ್ಪಾದ ಟ್ರಾನ್ಸಿಸ್ಟರುಗಳು, ಪಕ್ಕದಲ್ಲಿ ಚೀಟಿಗಳು. ಚೀಟಿಗಳ ಮೇಲೆಲ್ಲ ನಾಲ್ಕು.

"ಈ ತಿಂಗಳು ಏಳು ಸೆಟ್ಟು ವಾಪಸು ಬಂದಿವೆ ಗಂಗಲಕ್ಷ್ಮಮ್ಮ. ಏಳೂ ನಿಮ್ಮ ಜೋಡಿ. ಹಲಸೂರಲ್ಲಿ ಮದುವೆ ಮಂಟಪದಲ್ಲಿ ಹೊಗೆ ಬಂತಂತೆ. ಉಳಿದ ಐದು ಬೆಂಚಿಂದ ಒಂದೂ ಇಲ್ಲ."

"ನಾನು ನೋಡೇ ಕಟ್ಟಿರ್ತೀನಿ ಸರ್."

"ಇವೆರಡು ಭಾರಾನ ಸಮವಾಗಿ ಹಂಚಿಕೋಬೇಕು. ಒಂದರ ಶಕ್ತಿ ಜಾಸ್ತಿ ಇದ್ರೆ ಏನಾಗುತ್ತೆ? ಅದೇ ಜಾಸ್ತಿ ಹೊರುತ್ತೆ. ಹೊತ್ತರೆ ಬಿಸಿಯಾಗುತ್ತೆ. ಬಿಸಿಯಾದರೆ ಇನ್ನೂ ಜಾಸ್ತಿ ಹೊರುತ್ತೆ. ಕೊನೆಗೆ ಸುಟ್ಟುಹೋಗುತ್ತೆ. ಆಮೇಲೆ ಎಲ್ಲ ಭಾರ ಇನ್ನೊಂದರ ತಲೆ ಮೇಲೆ, ಅದೂ ಸುಡುತ್ತೆ."

ಈ ಮಾತಿಗೆ ಗಂಗಲಕ್ಷ್ಮಮ್ಮನಿಗೆ ವಿವರಣೆ ಬೇಕಿರಲಿಲ್ಲ. ತುಂಬಿದ ಮನೆಯಲ್ಲಿ ಅವಳೂ ವಾರಗಿತ್ತಿಯೂ ಇದ್ದದ್ದು ಹೀಗೆಯೇ. ಚುರುಕಾದವಳು ಇವಳು. ಚುರುಕು ಕಂಡಷ್ಟೂ ಕೆಲಸ ಇವಳ ಕಡೆಗೇ ಹರಿದು ಬರುತ್ತಿತ್ತು. ಆದರೆ ಈಗ ಅದನ್ನು ಯೋಚಿಸುವ ಹೊತ್ತಾಗಿರಲಿಲ್ಲ.

"ನೀವು ಒಳ್ಳೇದು ನೋಡೇ ಕಟ್ಟಿರಬಹುದು," ವೆಂಕಟಸುಬ್ಬಯ್ಯನವರ ಧ್ವನಿ ಇನ್ನೂ ಮೆಲ್ಲಗಾಯಿತು, "ಕಟ್ಟಿದ ಮೇಲೆ ಒಂದನ್ನ ಬದಲಾಯಿಸಿದ್ರೆ? ಗುಜರಿ ಅಂಗಡಿಗಳಲ್ಲಿ ಹಳೇದು ಚಿಲ್ಲರೆ ಕಾಸಿಗೆ ಸಿಗುತ್ತೆ. ಹೊಸದಕ್ಕೆ ಒಳ್ಳೇ ಬೆಲೆ ಇದೆ. ಮಾಲೀಕರು ಹಾಗೇ ಅಂತಿದ್ದಾರೆ. ಶನಿವಾರದವರೆಗೆ ಟೈಮ್ ಕೊಡಿಸಿದ್ದೀನಿ. ಏನಾಯ್ತು ಅಂತ ಹೇಳಿಬಿಡಿ. ಇಲ್ಲದಿದ್ರೆ ಕೆಲಸ ಇಲ್ಲ, ಯಾಕೆ ಇಲ್ಲ ಅಂತ ಬರೆದು ಕಳಿಸ್ತಾರೆ."

ಕಳ್ಳಿ ಎಂಬ ಮಾತನ್ನು ಅವರು ಆಡಲಿಲ್ಲ. ಬೆಲ್ಲದ ಡಬ್ಬಿಯ ಮುಂದೆ ನಿಂತ ಹದಿನೇಳರ ಹುಡುಗಿಯ ಎದುರಿಗೂ ಯಾರೂ ಆಡಿರಲಿಲ್ಲ.

ತಾನು ಬದಲಾಯಿಸಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾದರೆ ಬದಲಾಯಿಸಿದವರು ಬೇರೆ ಯಾರೋ ಇರಬೇಕು. ಅವಳ ಬೆಂಚಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂರುವವಳು ಒಬ್ಬಳೇ. ಬಾಯಿಂದ ಮಾತು ಹೊರಬಂದ ಮೇಲೇ ಅದು ಅವಳಿಗೂ ಕೇಳಿಸಿದ್ದು.

"ಸಾಲೇಹಾನ ಮೈದುನಂದು ಶಿವಾಜಿನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇದೆ ಸರ್."

ಅಷ್ಟೇ ಹೇಳಿದಳು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ.

ಬುಧವಾರ ಸಂಜೆ ಗೇಟಿನಲ್ಲಿ ಕಾವಲಿನ ಅಯ್ಯಮ್ಮ ಸಾಲೇಹಾಳ ಬ್ಯಾಗನ್ನು ಬೆಂಚಿನ ಮೇಲೆ ಸುರಿಸಿದಳು. ಊಟದ ಡಬ್ಬಿ, ಸೂಜಿದಾರದ ಪೊಟ್ಟಣ, ಮಗುವಿನ ಒಂದು ಸಾಕ್ಸು, ಬಸ್ ಪಾಸು. ಡಬ್ಬಿಯನ್ನೂ ತೆರೆಸಿದಳು. ಮಿಕ್ಕ ನಾಲ್ವರು ಹೆಂಗಸರು ನಿಂತು ನೋಡಿದರು. ಸಾಲೇಹಾ ಎಲ್ಲವನ್ನೂ ಒಂದೊಂದಾಗಿ ಒಳಗಿಟ್ಟುಕೊಂಡು ಗಂಗಲಕ್ಷ್ಮಮ್ಮನ ಕಡೆ ತಿರುಗಿದಳು.

"ನಿಮ್ಮ ಬ್ಯಾಗ್ ನೋಡಲ್ವಾ ಗಂಗಲಕ್ಷ್ಮಮ್ಮನೋರೇ?"

ಮೂರು ವರ್ಷದಲ್ಲಿ ಮೊದಲ ಬಾರಿಗೆ ಅಕ್ಕಾ ಎನ್ನಲಿಲ್ಲ.

ಸಂಜೆ ಇಬ್ಬರೂ ರಸ್ತೆಯ ಎರಡು ಬದಿಯ ಬಸ್ ಸ್ಟಾಪುಗಳಲ್ಲಿ ಎದುರುಬದುರಾಗಿ ನಿಲ್ಲುವುದು ವಾಡಿಕೆ. ಒಬ್ಬಳ ಬಸ್ಸು ಪೂರ್ವಕ್ಕೆ, ಒಬ್ಬಳದು ಪಶ್ಚಿಮಕ್ಕೆ. ಬಸ್ಸು ಬರುವವರೆಗೆ ಕೈಸನ್ನೆಯಲ್ಲೇ ಹರಟುತ್ತಿದ್ದರು. ಅವತ್ತು ಸಾಲೇಹಾ ಬೆನ್ನು ತಿರುಗಿಸಿ ನಿಂತಿದ್ದಳು. ಹೆದರಿಕೊಂಡಿದ್ದಾಳೆ, ಏನೋ ಇದೆ ಎಂದುಕೊಂಡಳು ಗಂಗಲಕ್ಷ್ಮಮ್ಮ. ಸಾಬೀತು ಮಾಡಬೇಕು.

ಮನೆಗೆ ಹೋಗಿ ಹಂಸಳ ಡ್ರಾಯರಿನಿಂದ ಕೆಂಪು ಉಗುರುಬಣ್ಣದ ಶೀಸೆ ತೆಗೆದುಕೊಂಡು ಬ್ಯಾಗಿಗೆ ಹಾಕಿದಳು. ಮುನಿಆಂಜನಪ್ಪ ಜಗಲಿಯಿಂದಲೇ ಅದನ್ನು ಕಂಡ.

"ಈ ವಯಸ್ಸಲ್ಲಿ ಉಗುರಿಗೆ ಬಣ್ಣ ಯಾರಿಗೆ ತೋರ್ಸೋಕೆ?"

"ಟ್ರಾನ್ಸಿಸ್ಟರಿಗೆ ಹಚ್ಚೋಕೆ."

"ಓಹೋ, ಅದಕ್ಕೂ ಸಿಂಗಾರ." ಪೇಪರಿನಿಂದ ತಲೆ ಎತ್ತದೆ ಮುಂದುವರಿಸಿದ. "ಮುನಿರಾಜಪ್ಪ ಅಂತಿದ್ದ, ನಿಮ್ಮ ಷೆಡ್ಡಲ್ಲಿ ಏನೋ ಗಲಾಟೆಯಂತೆ. ಏನದು?"

ಮುನಿರಾಜಪ್ಪ ಎಂದರೆ ಗಂಡನ ದಾಯಾದಿ. ಷೆಡ್ಡಿಗೆ ರಟ್ಟಿನ ಪೆಟ್ಟಿಗೆ ಹಾಕುವ ಟೆಂಪೋ ಅವನದು. ಸುದ್ದಿ ಆಗಲೇ ಕೆರೆ ದಾಟಿತ್ತು.

"ಏನಿಲ್ಲ."

"ಏನಿಲ್ಲ ಅಂದ್ರೆ ಸರಿ. ಇದ್ರೆ ಮಾತ್ರ ಮನೇಲಿ ಕೂತ್ಕೋ. ಈ ವಂಶದಲ್ಲಿ ಯಾರೂ ಕಳ್ಳತನ ಮಾಡಿದ ಹೆಸರಿಲ್ಲ."

ಅವಳು ಅಕ್ಕಿ ತೊಳೆಯಲು ಹೋದಳು.

ಗುರುವಾರ ಬೆಳಗ್ಗೆ ಬೆಂಚಿಗೆ ಕುಳಿತವಳು ಮೊದಲು ಮಾಡಿದ ಕೆಲಸ ಹತ್ತು ಟ್ರಾನ್ಸಿಸ್ಟರುಗಳನ್ನು ಬೇರೆ ತೆಗೆದು, ಟೋಪಿಯ ಅಂಚಿಗೆ ಉಗುರುಬಣ್ಣದ ಚುಕ್ಕೆ ಇಟ್ಟದ್ದು. ಒಂದನೆಯದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು. ಒಂದೊಂದನ್ನೂ ಅಳೆದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡಳು. ಏಳನೆಯದು ನಲವತ್ತೆಂಟು. ಅವನ್ನು ಖಾನೆಯಲ್ಲಿ ಬಿಟ್ಟು ಮಧ್ಯಾಹ್ನ ಊಟಕ್ಕೆ ಎದ್ದುಹೋದಳು. ಕಳ್ಳಿಗೆ ಅವಕಾಶ ಕೊಡಬೇಕಲ್ಲ.

ಊಟದ ನಂತರ ಮತ್ತೆ ಅಳೆದಳು. ಹತ್ತೂ ಬದಲಾಗಿದ್ದವು. ಏಳನೆಯದು ಐವತ್ತೈದು. ಸಿಕ್ಕಿತು ಎಂದುಕೊಂಡು ತಿರುಗಿಸಿ ನೋಡಿದರೆ, ಏಳು ಚುಕ್ಕೆ ಇದ್ದ ಹಾಗೇ ಇವೆ.

ಚುಕ್ಕೆಯನ್ನೂ ನಕಲು ಮಾಡಿದಳೇ? ಕೆಂಪು ಬಣ್ಣ ಯಾರ ಮನೆಯಲ್ಲಿಲ್ಲ. ಓರೆಗಣ್ಣಿನಿಂದ ಸಾಲೇಹಾಳ ಬೆರಳು ನೋಡಿದಳು. ಅವಳ ಉಗುರಿನಲ್ಲಿ ಮಾಸಿದ ಮದರಂಗಿ ಬಿಟ್ಟರೆ ಏನೂ ಇರಲಿಲ್ಲ. ಸಾಲೇಹಾ ತಲೆ ತಗ್ಗಿಸಿ ದಾರ ಕಟ್ಟುತ್ತಿದ್ದಳು. ಇನ್ನು ಮೀಟರು. ಊಟದ ಹೊತ್ತಿನಲ್ಲಿ ಯಾರಾದರೂ ಅದನ್ನು ತಿರುಗಿಸಿರಬಹುದು. ಹಾಗೆಂದು ಅವಳು ಮೀಟರಿನ ಗುಂಡಿಗೂ ಬಣ್ಣದ ಗೆರೆ ಎಳೆದಿಟ್ಟಳು.

ಶುಕ್ರವಾರ ಎಂಟಕ್ಕೆ ಬಂದು ಅಳೆದರೆ ಏಳನೆಯದು ಮತ್ತೆ ನಲವತ್ತೆಂಟು. ಹತ್ತೂ ಹಿಂದಿನ ದಿನದ ಬೆಳಗಿನ ಅಂಕಿಗೆ ಇಳಿದಿದ್ದವು. ಗುಂಡಿ ಒಂದು ಕೂದಲಿನಷ್ಟೂ ಅಲುಗಿರಲಿಲ್ಲ. ಮಧ್ಯಾಹ್ನ ಕದ್ದು ಬೆಳಗಾಗುವುದರೊಳಗೆ ತಂದಿಡುವ ಕಳ್ಳಿ ಎಂಥವಳು? ಗಂಗಲಕ್ಷ್ಮಮ್ಮನಿಗೆ ತಲೆ ಕೆಟ್ಟಿತು. ನಾಳೆ ಶನಿವಾರ.

ಒಂದನ್ನಾದರೂ ಯಾರೂ ಮುಟ್ಟದ ಜಾಗದಲ್ಲಿ ಇಡಬೇಕು. ಬ್ಯಾಗಿಗೆ ಕೈ ಹಾಕಬಹುದು, ಡ್ರಾಯರಿಗೆ ಬೀಗವಿಲ್ಲ. ಹೆಂಗಸಿಗೆ ಒಂದೇ ಜಾಗ. ಸುತ್ತ ನೋಡಿ, ಏಳು ಚುಕ್ಕೆಯದನ್ನು ಕರ್ಚೀಫಿನಲ್ಲಿ ಸುತ್ತಿ ರವಿಕೆಯೊಳಗೆ ಸೇರಿಸಿಕೊಂಡಳು. ಬಸ್ಸಿನಲ್ಲಿ ದುಡ್ಡು, ಮದುವೆ ಮನೆಯಲ್ಲಿ ಓಲೆ, ಆಸ್ಪತ್ರೆಯಲ್ಲಿ ಚೀಟಿ ಎಲ್ಲ ಇಟ್ಟುಕೊಂಡದ್ದು ಅಲ್ಲಿಯೇ. ಅಲ್ಲಿಂದ ಏನೂ ಕಳೆದದ್ದಿಲ್ಲ.

ಕಳವಿನ ಅನುಮಾನ ಹೊತ್ತವಳು ಷೆಡ್ಡಿನ ಮಾಲನ್ನು ರವಿಕೆಯಲ್ಲಿ ಇಟ್ಟುಕೊಂಡರೆ ಹೇಗೆ ಕಾಣುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹತ್ತು ಗಂಟೆಯ ಟೀ ಬಂತು. ಷೆಡ್ಡು ಇನ್ನೂ ತಣ್ಣಗಿತ್ತು. ಎಲ್ಲರೂ ಲೋಟ ಹಿಡಿದು ಬಿಸಿಲಿಗೆ ಹೋದರು. ಗಂಗಲಕ್ಷ್ಮಮ್ಮ ಖಾನೆಯ ಒಂಬತ್ತನ್ನೂ ಬೇಗ ಬೇಗ ಅಳೆದಳು. ಒಂದೂ ಹೆಚ್ಚುಕಡಿಮೆ ಆಗಿರಲಿಲ್ಲ. ಆಮೇಲೆ ರವಿಕೆಯಿಂದ ಏಳನೆಯದನ್ನು ತೆಗೆದು ಮೀಟರಿಗೆ ಇಟ್ಟಳು.

ಐವತ್ತೇಳು.

ಯಾರ ಕೈಗಾದರೂ ಸಿಗುವಂತಿದ್ದ ಒಂಬತ್ತು ಹಾಗೇ ಇದ್ದವು. ತನ್ನ ಎದೆಯಲ್ಲಿ ಬಚ್ಚಿಟ್ಟುಕೊಂಡದ್ದೇ ಬದಲಾಗಿತ್ತು. ಕಳ್ಳಿ ಇದ್ದರೆ ಅದು ತಾನೇ.

"ಸರ್," ಹಿಂದೆ ಬಾಗಿಲ ಬಳಿಯಿಂದ ಸಾಲೇಹಾಳ ಧ್ವನಿ ಬಂತು. "ಇಲ್ಲಿ ಬನ್ನಿ ಸರ್. ಅಯ್ಯಮ್ಮನ್ನೂ ಕರೀರಿ. ಮೊನ್ನೆ ನನ್ನ ಬ್ಯಾಗ್ ನೋಡಿದ್ರಲ್ಲ, ಇವತ್ತು ಇವರ ರವಿಕೆ ನೋಡಿ. ಬೆಳಗ್ಗೆ ಒಳಗೆ ಹಾಕ್ಕೊಂಡಿದ್ದು ನಾನು ಕಂಡೆ. ಈಗ ತೆಗೆದಿದ್ದೂ ಕಂಡೆ."

ವೆಂಕಟಸುಬ್ಬಯ್ಯನವರು ಟೀ ಲೋಟದೊಂದಿಗೇ ಬಂದರು. ಹಿಂದೆ ಅಯ್ಯಮ್ಮ, ಅವಳ ಹಿಂದೆ ಉಳಿದವರು. ಬೆಸುಗೆಯ ಗಂಡಸರೂ ಒಳಗೆ ಬಂದರು.

"ಏನಮ್ಮ ಇದು?"

ಗಂಗಲಕ್ಷ್ಮಮ್ಮ ತಲೆ ತಗ್ಗಿಸಿದಳು. ಕಣ್ಣು ಮೀಟರಿನ ಮೇಲೆ ಬಿತ್ತು. ಮುಳ್ಳು ಐವತ್ತೇಳರಲ್ಲಿ ಇರಲಿಲ್ಲ. ಐವತ್ತಾರಕ್ಕೆ ಬಂದಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಇನ್ನೂ ಸ್ವಲ್ಪ ಕೆಳಗೆ ಜಾರಿತು.

"ಮುಳ್ಳು ನೋಡಿ ಸರ್," ಎಂದಳು.

"ಮುಳ್ಳಲ್ಲ, ನಾನು ಕೇಳಿದ್ದು..."

"ಮೊದಲು ಮುಳ್ಳು ನೋಡಿ. ಆಮೇಲೆ ಏನು ಬೇಕಾದ್ರೂ ಕೇಳಿ."

ಅವರು ಬಗ್ಗಿದರು. ಐವತ್ತೈದು. ಯಾರೂ ಮುಟ್ಟುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಐವತ್ತನಾಲ್ಕು. ಹೆಂಗಸರು ಹತ್ತಿರ ಬಂದರು. ಸಾಲೇಹಾ ಕೂಡ ಕತ್ತು ಚಾಚಿದಳು. ಒಲೆಯಿಂದ ಇಳಿಸಿದ ಪಾತ್ರೆ ಆರುವ ಹಾಗೆ ಮುಳ್ಳು ಇಳಿಯುತ್ತಲೇ ಇತ್ತು. ಐವತ್ತಕ್ಕೆ ಬಂದಾಗ ಗಂಗಲಕ್ಷ್ಮಮ್ಮ ಅದನ್ನು ಎತ್ತಿ ವೆಂಕಟಸುಬ್ಬಯ್ಯನವರ ಕಡೆ ಹಿಡಿದಳು.

"ನೀವು ಮುಷ್ಟೀಲಿ ಹಿಡ್ಕೊಳ್ಳಿ. ಟೀ ಲೋಟ ಹಿಡಿದಿದ್ದ ಕೈಯಲ್ಲೇ."

ಅವರು ಹಿಡಿದರು. ಐದು ನಿಮಿಷ ಮುಷ್ಟಿ ಬಿಡಲಿಲ್ಲ. ಮತ್ತೆ ಮೀಟರಿಗೆ ಇಟ್ಟಾಗ ಮುಳ್ಳು ಐವತ್ತೇಳಕ್ಕೆ ಹೋಗಿ ನಿಂತಿತು.

"ಬಿಸಿ," ಎಂದರು ವೆಂಕಟಸುಬ್ಬಯ್ಯನವರು, ತಮ್ಮಷ್ಟಕ್ಕೆ. "ಬಿಸಿಗೆ ಏರುತ್ತೆ. ನಾನೇ ಹೇಳಿದ್ದೆ ಮಂಗಳವಾರ."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನಮ್ಮ, ಪುಸ್ತಕದಲ್ಲೇ ಇದೆ. ಸೆಟ್ಟಿನೊಳಗಿನ ಬಿಸಿ ಯೋಚಿಸಿದ್ದೆ. ಕೈ ಅಂತ ಹೊಳೀಲಿಲ್ಲ."

"ಹೊಳೆಯೋದು ಹೆಂಗೆ ಸರ್. ಬೆಳಗ್ಗೆ ನಿಮ್ಮ ಕೈಯಲ್ಲಿ ಪೇಪರ್ ಇರುತ್ತೆ. ನಂದು ನಾಲ್ಕೂವರೆಯಿಂದ ತೊಟ್ಟಿ ನೀರಲ್ಲಿ ಇರುತ್ತೆ. ಪಾತ್ರೆ, ಬಟ್ಟೆ, ಬಾಡಿಗೆಯೋರ ಅಂಗಳ. ಈ ಚಳೀಲಿ ಎಂಟು ಗಂಟೆಗೆ ಬಂದು ಕೂತಾಗ ನನ್ನ ಬೆರಳು ನನಗೇ ಗೊತ್ತಾಗಲ್ಲ. ಷೆಡ್ಡೂ ತಣ್ಣಗಿರುತ್ತೆ. ಮಧ್ಯಾಹ್ನ ಶೀಟು ಕಾದು ಕೈ ಬೆವರುತ್ತೆ." ಹೇಳುತ್ತ ಹೇಳುತ್ತ ಅವಳಿಗೇ ಎಲ್ಲ ಬಿಡಿಸಿಕೊಳ್ಳುತ್ತಿತ್ತು. "ಬೆಳಗ್ಗೆ ಐವತ್ತು ತೋರಿಸಿದ್ದು, ಮಧ್ಯಾಹ್ನ ಐವತ್ತು ತೋರಿಸಿದ್ದು, ಎರಡೂ ಒಂದೇ ಖಾನೆಗೆ ಹೋಗುತ್ತೆ. ಸಾಯಂಕಾಲ ಎರಡನ್ನೂ ಸೇರಿಸಿ ಕಟ್ತೀನಿ. ಬೆಳಗ್ಗಿಂದು ನಿಜವಾಗಿ ಐವತ್ತಲ್ಲ, ಬಲ ಜಾಸ್ತಿ ಇರೋದು. ಸೆಟ್ಟಲ್ಲಿ ಅದೇ ಎಲ್ಲ ಹೊತ್ತು ಸಾಯುತ್ತೆ."

"ಸಾಲೇಹಾಂದು ಯಾಕೆ ಸುಡಲಿಲ್ಲ?"

ಗಂಗಲಕ್ಷ್ಮಮ್ಮ ಸಾಲೇಹಾಳ ಬೆಂಚಿನ ಕಡೆ ನೋಡಿದಳು. "ಅವಳು ಒಂದು ತಟ್ಟೆ ಮುಗಿಸಿ ಇನ್ನೊಂದು ತಗೋತಾಳೆ. ಒಂದೇ ಹೊತ್ತಿಂದು ಒಂದೇ ಹೊತ್ತಿಂದರ ಜೊತೆ ಸೇರುತ್ತೆ. ಅವಳು ಮಾಡೋದು ಸರಿ. ನಂದು ಆತುರ."

ಬೇಸಿಗೆಯಲ್ಲಿ ಯಾಕೆ ದೂರು ಬರುತ್ತಿರಲಿಲ್ಲ ಎಂದು ವೆಂಕಟಸುಬ್ಬಯ್ಯನವರು ಕೇಳಲಿಲ್ಲ. ಆಗ ಬೆಳಗ್ಗೆಯೂ ಕೈ, ಷೆಡ್ಡು ಎರಡೂ ಬೆಚ್ಚಗಿರುತ್ತವೆ ಎಂದು ಅವರಿಗೇ ಅರ್ಥವಾಗಿತ್ತು; ಹಿಂದಿನ ಚಳಿಗಾಲಗಳಲ್ಲಿ ಒಂದೊಂದು ಸುಟ್ಟು ಬಂದದ್ದೂ ನೆನಪಾಯಿತು. ಜೇಬಿನಿಂದ ಪೆನ್ನು ತೆಗೆದು, ಟೀ ತಣ್ಣಗಾಗುವುದನ್ನೂ ಲೆಕ್ಕಿಸದೆ ಪೇಪರಿನ ಅಂಚಿನಲ್ಲಿ ಬರೆಯತೊಡಗಿದರು. ಟ್ರಾನ್ಸಿಸ್ಟರುಗಳು ಪರೀಕ್ಷೆಗೆ ಮೊದಲು ಒಂದು ಗಂಟೆ ಷೆಡ್ಡಿನಲ್ಲಿ ಹರಡಿರಬೇಕು. ಮುಷ್ಟಿಯಲ್ಲಿ ಹಿಡಿಯಕೂಡದು, ಪ್ಲಾಸ್ಟಿಕ್ ಚಿಮುಟದಲ್ಲಿ ಎತ್ತಬೇಕು. ಒಂದು ತಟ್ಟೆಯದನ್ನು ಇನ್ನೊಂದರೊಂದಿಗೆ ಸೇರಿಸಕೂಡದು. ಆ ಹಾಳೆ ಮುಂದೆ ಟೈಪಾಗಿ ಗೋಡೆಗೆ ಬಂತು. ಕೆಳಗೆ ಅವರ ಸಹಿ ಇತ್ತು, ನಾಲ್ಕನೇ ನಂಬರಿನ ಮಾತಿರಲಿಲ್ಲ.

ಬರೆದು ಮುಗಿಸಿ, "ಸರಿ, ಮಾಲೀಕರಿಗೆ ನಾನು ಹೇಳ್ತೀನಿ. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ. ಹೋಗಿ ಎಲ್ಲ," ಎಂದರು.

ಗಂಗಲಕ್ಷ್ಮಮ್ಮ ಹೋಗಲಿಲ್ಲ. "ಮಂಗಳವಾರ ನೀವು ಹೇಳಿದ್ದು ಎಲ್ಲರಿಗೂ ಕೇಳಿಸಿದೆ ಸರ್. ಊರಿಗೂ ಮುಟ್ಟಿದೆ. ಇಲ್ಲಾಂತ ಹೇಳೋದೂ ಎಲ್ಲರಿಗೂ ಕೇಳಿಸಲಿ. ಸಾಲೇಹಾಂದೂ ಸೇರಿಸಿ ಹೇಳಿ."

ಅವರಿಗೆ ಮುಜುಗರವಾಯಿತು. ಆದರೂ ಗಂಟಲು ಸರಿಮಾಡಿಕೊಂಡು ಹೇಳಿದರು: ಯಾರೂ ಏನೂ ಕದ್ದಿಲ್ಲ, ನಾಲ್ಕನೇ ನಂಬರೂ ಕದ್ದಿಲ್ಲ, ಐದನೇ ನಂಬರೂ ಕದ್ದಿಲ್ಲ. ಅಯ್ಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಗೇಟಿಗೆ ಹೊರಟಳು. ಸಾಲೇಹಾ ಮಾತ್ರ ನಿಂತೇ ಇದ್ದಳು.

"ಅವರು ಹೇಳಿದ್ರು," ಎಂದಳು. "ನನ್ನ ಹೆಸರು ಹೇಳಿದ್ದು ಅವರಲ್ಲ."

ಆ ಸಂಜೆ ಮನೆಯಲ್ಲಿ ಮುನಿಆಂಜನಪ್ಪ ಎಲ್ಲ ಕೇಳಿಸಿಕೊಂಡು, "ಕೈ ಬಿಸಿಯಂತೆ, ತಣ್ಣಗಂತೆ. ಇದನ್ನ ನಂಬಿದರಾ ಅವರು?" ಎಂದ. "ನಂಬಿದ್ರು," ಎಂದಳು ಅವಳು. ಅವನು ನಂಬಿದನೋ ಇಲ್ಲವೋ, ಮರುದಿನ ಬೆಳಗ್ಗೆ ತೊಟ್ಟಿಯ ನೀರಿನಲ್ಲಿ ಪಾತ್ರೆ ಉಜ್ಜಿದ್ದು ಅವಳೇ.

ಶನಿವಾರ ಸಂಜೆ ಗಂಗಲಕ್ಷ್ಮಮ್ಮ ರಸ್ತೆ ದಾಟಿ ಸಾಲೇಹಾ ನಿಲ್ಲುವ ಬಸ್ ಸ್ಟಾಪಿಗೆ ಹೋದಳು. ಶಿವಾಜಿನಗರದ ಬಸ್ಸು ಒಂದು ತುಂಬಿಕೊಂಡು ಹೊರಟುಹೋಯಿತು. ಸಾಲೇಹಾ ಹತ್ತಲಿಲ್ಲ.

"ಮೈದುನನ ಅಂಗಡಿ ವಿಷಯ ನಾನು ಎತ್ತಬಾರದಿತ್ತು ಸಾಲೇಹಾ. ನನ್ನ ತಪ್ಪು."

"ಯಾವ ಅಂಗಡಿ?" ಸಾಲೇಹಾ ರಸ್ತೆಯ ಕಡೆಗೇ ನೋಡುತ್ತ ಕೇಳಿದಳು. "ಅದು ಮುಚ್ಚಿ ಎರಡು ವರ್ಷ ಆಯ್ತು. ನಿಮಗೆ ಹೇಳಿದ್ದೆ. ಇದೇ ರಸ್ತೆಯಲ್ಲಿ ಅಳ್ತಾ ಹೇಳಿದ್ದೆ. ನೀವು ನನ್ನ ಕಣ್ಣು ಒರೆಸಿದ್ರಿ."

ಗಂಗಲಕ್ಷ್ಮಮ್ಮನಿಗೆ ನೆನಪಾಯಿತು. ಮಳೆ ಬಂದು ನಿಂತ ಸಂಜೆ, ಒದ್ದೆ ಬೆಂಚು, ಸಾಲೇಹಾಳ ಕೈಯಲ್ಲಿ ಹರಿದ ಕೊಡೆ. ಅಂಗಡಿ ಮುಚ್ಚಿದ್ದು ಮರೆತುಹೋಗಿತ್ತು. ಅಂಗಡಿ ಇತ್ತು ಎಂಬುದು ಮಾತ್ರ ಉಳಿದಿತ್ತು.

"ನಾನೂ ನಿಮ್ಮನ್ನ ಹಿಡಿದುಕೊಟ್ಟೆ," ಸಾಲೇಹಾ ಅಂದಳು. "ಖುಷಿಯಾಗೇ ಹಿಡಿದುಕೊಟ್ಟೆ. ಹೋಗ್ಲಿ ಬಿಡಿ ಅಕ್ಕಾ. ನಿಮ್ಮ ಬಸ್ಸು ಬಂತು ನೋಡಿ ಆ ಕಡೆ."

ಸೋಮವಾರದಿಂದ ಊಟ ಮತ್ತೆ ಒಟ್ಟಿಗೆ ನಡೆಯಿತು. ಇವಳ ಮುದ್ದೆ ಸಾರಿಗೆ ಅವಳು ಮೂಗು ಮುರಿಯುವುದು, ಅವಳ ಚಟ್ನಿಗೆ ಇವಳು ಕಣ್ಣೀರು ಹಾಕುವುದು ಮೊದಲಿನಂತೆಯೇ. ಎಷ್ಟು ಮದುವೆ ಅಕ್ಕಾ ಎಂದು ಕೇಳಿದರೆ ಗಂಗಲಕ್ಷ್ಮಮ್ಮ ಈಗ ಮೂವತ್ತೈದು ಎನ್ನುತ್ತಿದ್ದಳು. ಇಬ್ಬರ ಅಂಕಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಒಂದು ದಿನ ಸಾಲೇಹಾ ನೀರು ಕುಡಿಯಲು ಹೋಗಿದ್ದಾಗ, ಅವಳ ತಟ್ಟೆಯಿಂದ ಒಂದು ಟ್ರಾನ್ಸಿಸ್ಟರು ನೆಲಕ್ಕೆ ಬಿತ್ತು. ಗಂಗಲಕ್ಷ್ಮಮ್ಮ ಚಿಮುಟದಲ್ಲಿ ಎತ್ತಿದಳು. ಟೋಪಿಯ ಅಂಚಿನಲ್ಲಿ ಒಂದು ಸಣ್ಣ ಕೆಂಪು ಚುಕ್ಕೆ. ತಟ್ಟೆಯ ಉಳಿದವನ್ನು ನೋಡಿದಳು. ಎಲ್ಲದಕ್ಕೂ ಇತ್ತು. ಹಂಸಳ ಉಗುರುಬಣ್ಣದ ಶೀಸೆಯನ್ನು ತಾನು ಬೆಂಚಿನ ಮೇಲೆಯೇ ಮರೆತುಬಂದದ್ದು ಆಗ ನೆನಪಾಯಿತು. ಅದು ಈಗ ಸಾಲೇಹಾಳ ದಾರದ ಡಬ್ಬಿಯಲ್ಲಿತ್ತು.

ಬಿದ್ದದ್ದನ್ನು ಅದರ ಜಾಗದಲ್ಲಿಟ್ಟಳು. ಸಾಲೇಹಾ ಬಂದು ಕುಳಿತು, ತಟ್ಟೆಯನ್ನೊಮ್ಮೆ ನೋಡಿ, ಮಾತು ಮುಂದುವರಿಸಿದಳು. ಇನ್ನೊಮ್ಮೆ ಯಾರೂ ತನ್ನ ಕಡೆ ಬೆರಳು ತೋರದ ಹಾಗೆ ಸಾಲೇಹಾ ಇಟ್ಟ ಗುರುತು ಅದೆಂದು ತಿಳಿದು, ಗಂಗಲಕ್ಷ್ಮಮ್ಮ ತನ್ನ ತಟ್ಟೆಯ ಕಡೆ ತಿರುಗಿದಳು.

ಆ ಚುಕ್ಕೆ ವರ್ಷಗಟ್ಟಲೆ ನಡೆಯಿತು. ಹಂಸಳ ಮದುವೆಗೆ ಸಾಲೇಹಾ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದು ಮೂರು ದಿನ ಅಡಿಗೆಮನೆಯಲ್ಲಿ ಕೈಜೋಡಿಸಿದಳು. ಸಾಲೇಹಾಳ ಅತ್ತೆ ತೀರಿಕೊಂಡಾಗ ಗಂಗಲಕ್ಷ್ಮಮ್ಮ ಶಿವಾಜಿನಗರದ ಆ ಕಿರಿದಾದ ಮಾಳಿಗೆಯಲ್ಲಿ ಒಂದು ಹಗಲು ಕುಳಿತು ಬಂದಳು. ಮರುದಿನ ಬೆಂಚಿಗೆ ಬಂದರೆ ಚುಕ್ಕೆ ಇದ್ದೇ ಇರುತ್ತಿತ್ತು. ಎರಡು ಸಾವಿರದ ಮೂರರಲ್ಲಿ ಷೆಡ್ಡು ಮುಚ್ಚುವವರೆಗೂ ಐದನೇ ನಂಬರಿನ ಜೋಡಿಗಳು ಕೆಂಪು ಚುಕ್ಕೆ ಇಟ್ಟುಕೊಂಡೇ ಹೊರಗೆ ಹೋದವು.

ಮೊದಲ ಶೀಸೆ ಖಾಲಿಯಾದದ್ದು ತೊಂಬತ್ತಾರರಲ್ಲೇ, ಯುಗಾದಿಯ ಆಸುಪಾಸಿನಲ್ಲಿ. ಸಾಲೇಹಾ ಒಣಗಿದ ಕುಂಚವನ್ನು ಶೀಸೆಯ ಬುಡಕ್ಕೆ ಒತ್ತಿ ಒತ್ತಿ ತಿರುಗಿಸುತ್ತಿದ್ದುದನ್ನು ಗಂಗಲಕ್ಷ್ಮಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ಕೆ.ಆರ್. ಪುರದ ಸಂತೆಯಲ್ಲಿ ಬಳೆ ಅಂಗಡಿಯವಳ ಹತ್ತಿರ ಅದೇ ಕೆಂಪಿನ ಹೊಸ ಶೀಸೆ ಆರಿಸಿದಳು. ಬೆಳಕಿಗೆ ಹಿಡಿದು ತುಂಬಿದೆಯೇ ಎಂದು ನೋಡಿ, ಮುಚ್ಚಳ ತೆರೆದು ಒಣಗಿಲ್ಲ ಎಂದು ಖಾತ್ರಿ ಮಾಡಿಕೊಂಡು ತೆಗೆದುಕೊಂಡಳು. ಮರುದಿನ ಬೆಳಗ್ಗೆ ಸಾಲೇಹಾ ಬರುವ ಮೊದಲೇ ಅದನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟು ತನ್ನ ಬೆಂಚಿಗೆ ಬಂದು ಕುಳಿತಳು.

ಸಾಲೇಹಾ ಬಂದಳು. ಶೀಸೆ ನೋಡಿದಳು, ಇವಳ ಕಡೆ ನೋಡಿದಳು. ಮುಚ್ಚಳ ತಿರುಗಿಸಿ ಮೊದಲನೆಯ ಟ್ರಾನ್ಸಿಸ್ಟರಿಗೆ ಚುಕ್ಕೆ ಇಟ್ಟಳು.

"ಚಳಿ ಕಮ್ಮಿ ಆಯ್ತಲ್ಲ ಅಕ್ಕಾ," ಎಂದಳು.

"ಹೂಂ, ಕಮ್ಮಿ ಆಯ್ತು," ಎಂದು ಗಂಗಲಕ್ಷ್ಮಮ್ಮ ಚಿಮುಟ ಕೈಗೆತ್ತಿಕೊಂಡಳು.